ಹಸಿವಾಗ್ತಿದೆ ಅಂದ್ರೆ ಅದು ಒಳ್ಳೆ ಸುದ್ದಿ

(ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ನಾನೇ ಬರೆದಿದ್ದೇನೆ. ಮಧ್ಯೆ ಕರೆಂಟು ಹೋಗಿ ಮೈಕ್ ನಿಂತಿದ್ದಾಗ ಆಡಿದ್ದನ್ನು ನೆನಪಿನಿಂದ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಆಸ್ಪತ್ರೆಯಲ್ಲಿ ಡಯಟಿಷಿಯನ್. ರೋಗಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು, ಬಾಯಿಂದಲೋ ಟ್ಯೂಬಿನಿಂದಲೋ ಅಂತ ಡಾಕ್ಟರ ಜೊತೆ ಕೂತು ಲೆಕ್ಕ ಹಾಕುವುದು ನನ್ನ ಕೆಲಸ. ಅಡುಗೆಮನೆಯವರು ನನ್ನನ್ನು ಡಾಕ್ಟರ ಕಡೆಯವಳು ಅಂದುಕೊಳ್ಳುತ್ತಾರೆ, ಡಾಕ್ಟರು ಅಡುಗೆಮನೆಯ ಕಡೆಯವಳು ಅಂದುಕೊಳ್ಳುತ್ತಾರೆ. ಇರಲಿ.

ಇವತ್ತು ಒಂದೇ ಕಾಯಿಲೆಯ ಬಗ್ಗೆ ಮಾತಾಡ್ತೀನಿ. ಪ್ಯಾಂಕ್ರಿಯಾಟೈಟಿಸ್. ಅದರಲ್ಲೂ ಇದ್ದಕ್ಕಿದ್ದ ಹಾಗೆ ಬರುವ ಬಗೆ. ಕನ್ನಡದಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತ ಅಂತ ಬರೆಯುತ್ತಾರೆ, ಆದರೆ ವಾರ್ಡಿನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ರೋಗಿಯ ಕಡೆಯವರು 'ಪ್ಯಾಂಕ್ರಿಯಾಸ್ ಊದಿದೆಯಂತೆ' ಅನ್ನುತ್ತಾರೆ. ಅದೇ ಸಾಕು.

'ಲಂಘನಂ ಪರಮೌಷಧಂ' ಅನ್ನುವ ಮಾತು ನಮಗೆಲ್ಲ ಗೊತ್ತು. ಉಪವಾಸಕ್ಕಿಂತ ದೊಡ್ಡ ಔಷಧಿ ಇಲ್ಲ ಅಂತ. ಜ್ವರ ಬಂದರೆ ಅಜ್ಜಿ ಹೇಳ್ತಾರೆ, ಹೊಟ್ಟೆ ಕೆಟ್ಟರೆ ಪಕ್ಕದ ಮನೆಯವರು ಹೇಳ್ತಾರೆ. ಈ ಕಾಯಿಲೆಯಲ್ಲಿ ಆಸ್ಪತ್ರೆಗಳೂ ಬಹಳ ವರ್ಷ ಅದನ್ನೇ ಹೇಳುತ್ತಿದ್ದವು. ಮಂಚದ ತಲೆಯ ಹತ್ತಿರ ಒಂದು ರಟ್ಟು ನೇತಾಡುತ್ತಿತ್ತು: ಎನ್‌ಪಿಒ. ಬಾಯಿಗೆ ಏನೂ ಕೊಡಬಾರದು ಅಂತ ಅರ್ಥ. ಒಂದು ಗುಟುಕು ನೀರೂ ಇಲ್ಲ. ಆ ರಟ್ಟನ್ನು ನಾನೂ ಎಷ್ಟೋ ಸಲ ಕಟ್ಟಿಸಿದ್ದೇನೆ.

ಒಬ್ಬರ ಕತೆ ಹೇಳ್ತೀನಿ. ಕೆಲಸಕ್ಕೆ ಸೇರಿದ ಹೊಸತು. ಆಸ್ಪತ್ರೆ ಯಾವುದು ಅನ್ನುವುದು ಬೇಡ. ಮಲೆನಾಡಿನ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು ಬಂದು ಅಡ್ಮಿಟ್ ಆದರು. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾದ ನೋವು ಬೆನ್ನಿಗೆ ಈಟಿ ಹಾಯಿಸಿದ ಹಾಗೆ ಹೋಗಿತ್ತು. ಮಲಗೋಕೆ ಆಗ್ತಿರಲಿಲ್ಲ, ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂತಿದ್ದರು. ಪಿತ್ತಕೋಶದಲ್ಲಿ ಕಲ್ಲು ಇತ್ತು. ರಟ್ಟು ಕಟ್ಟಿದರು, ಸಲೈನ್ ಹಾಕಿದರು. ನಾಲ್ಕನೇ ದಿನಕ್ಕೆ ನೋವು ತಗ್ಗಿತು. ಐದನೇ ದಿನ ರೌಂಡ್ಸಿಗೆ ಹೋದಾಗ ಅವರು ನನ್ನನ್ನು ಕರೆದು ಮೆಲ್ಲಗೆ, 'ಮೇಡಂ, ಹಸಿವಾಗ್ತಿದೆ' ಅಂದರು. ಏನೋ ತಪ್ಪು ಒಪ್ಪಿಕೊಳ್ಳುವವರ ಹಾಗೆ.

ರಕ್ತದಲ್ಲಿ ಲೈಪೇಸ್ ಅಂತ ಒಂದು ಪರೀಕ್ಷೆ ಮಾಡುತ್ತಾರೆ. ಅದು ಇರಬೇಕಾದ್ದಕ್ಕಿಂತ ಮೂರು ಪಟ್ಟು ದಾಟಿದ್ದರೆ ಈ ಕಾಯಿಲೆಯ ಸಂಶಯ ಗಟ್ಟಿಯಾಗುತ್ತದೆ. ಅವರ ಲೈಪೇಸ್ ಇನ್ನೂ ಇಳಿದಿರಲಿಲ್ಲ. ನಾನು ಫೈಲಿನಲ್ಲಿ ಬರೆದೆ: 'ಹಸಿವು ಇದೆ ಎನ್ನುತ್ತಾರೆ. ಲೈಪೇಸ್ ಜಾಸ್ತಿ ಇದೆ. ಎನ್‌ಪಿಒ ಮುಂದುವರಿಸಿ.' ನನ್ನದೇ ಕೈಬರಹ. ಕೊನೆಗೆ ಅವರು ಬಾಯಿಗೆ ಏನಾದರೂ ಇಟ್ಟದ್ದು ಹನ್ನೊಂದನೇ ದಿನ. ಅಷ್ಟರಲ್ಲಿ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಪೈಪು ಹಾಕಿ ಆಹಾರ ಕೊಡಲು ಶುರು ಮಾಡಿ, ಆ ಪೈಪಿಗೆ ಸೋಂಕು ತಗುಲಿ, ಚಳಿ ಜ್ವರ ಬಂದು ಹೋಗಿತ್ತು. ಏಳು ಕಿಲೋ ಇಳಿದಿದ್ದರು. ಬೆರಳಿನ ಉಂಗುರ ತಾನೇ ಜಾರಿ ಬೀಳುತ್ತಿದೆ ಅಂತ ಅವರ ಹೆಂಡತಿ ಅದಕ್ಕೆ ದಾರ ಸುತ್ತುತ್ತಾ ಕೂತಿದ್ದರು. ಮನೆಗೆ ಹೋದರು, ಚೆನ್ನಾಗಿದ್ದರು. ಆದರೆ ಆ ಜ್ವರ ಕಾಯಿಲೆಯಿಂದ ಬಂದದ್ದಲ್ಲ, ನಮ್ಮ ಚಿಕಿತ್ಸೆಯಿಂದ ಬಂದದ್ದು.

ಹಾಗಾದರೆ ಆಗಿನವರು ದಡ್ಡರಾ? ಖಂಡಿತ ಅಲ್ಲ. ಅವರ ಲೆಕ್ಕ ಕೇಳಿದರೆ ನೀವೂ ತಲೆಯಾಡಿಸ್ತೀರಿ.

ಪ್ಯಾಂಕ್ರಿಯಾಸ್ ಹೊಟ್ಟೆಯ ಹಿಂದೆ ಅಡ್ಡಡ್ಡ ಮಲಗಿರುತ್ತದೆ, ಒಂದು ಗೇಣಿಗಿಂತ ಚೂರು ಕಡಿಮೆ ಉದ್ದ. ಇನ್ಸುಲಿನ್ ಮಾಡುವುದು ಅದೇ. ಅದರ ಜೊತೆಗೆ ದಿನಕ್ಕೆ ಒಂದೂವರೆ ಲೀಟರಿನಷ್ಟು ಜೀರ್ಣರಸವನ್ನೂ ಕರುಳಿಗೆ ಸುರಿಸುತ್ತದೆ. ಬೇಳೆ, ಮಾಂಸ, ಎಣ್ಣೆ, ಅನ್ನ ಎಲ್ಲವನ್ನೂ ಒಡೆಯುವ ರಸ. ಮಾಂಸವನ್ನೇ ಕರಗಿಸುವ ರಸ ತನ್ನನ್ನೇ ಕರಗಿಸಬಾರದಲ್ಲ? ಅದಕ್ಕೆ ಗ್ರಂಥಿಯೊಳಗೆ ಆ ರಸ ನಿದ್ದೆಯಲ್ಲಿರುತ್ತದೆ, ಕರುಳಿಗೆ ಹೋದ ಮೇಲೆ ಎಚ್ಚರವಾಗುತ್ತದೆ. ಪಿತ್ತದ ಕಲ್ಲು ಬಂದು ನಾಳದ ಬಾಯಿಗೆ ಸಿಕ್ಕಿಕೊಂಡರೆ, ಅಥವಾ ಕುಡಿತ ಜಾಸ್ತಿಯಾದರೆ, ಆ ರಸ ಒಳಗೇ ಎಚ್ಚರವಾಗಿಬಿಡುತ್ತದೆ. ಗ್ರಂಥಿ ತನ್ನನ್ನು ತಾನೇ ಅರಗಿಸಿಕೊಳ್ಳಲು ಶುರು ಮಾಡುತ್ತದೆ. 1896ರಲ್ಲೇ ಹಾನ್ಸ್ ಕಿಯಾರಿ ಎಂಬ ರೋಗಶಾಸ್ತ್ರಜ್ಞ ಇದನ್ನು ಹೇಳಿದ್ದರು.

ಈಗ ಅವರ ಲೆಕ್ಕ. ಊಟ ಕರುಳಿಗೆ ಇಳಿದರೆ ಒಂದು ಹಾರ್ಮೋನು ಹೊರಟು ಪ್ಯಾಂಕ್ರಿಯಾಸಿಗೆ 'ರಸ ಬಿಡು' ಅನ್ನುತ್ತದೆ. ಊಟ ಇಲ್ಲದಿದ್ದರೆ ಕರೆ ಇಲ್ಲ, ರಸ ಇಲ್ಲ, ಗ್ರಂಥಿಗೆ ವಿಶ್ರಾಂತಿ. ಉಳುಕಿದ ಕಾಲನ್ನು ಊರಬೇಡ ಅಂತೀವಲ್ಲ, ಹಾಗೆ. ಎಷ್ಟು ಸಲೀಸಾಗಿ ಒಪ್ಪಿಕೊಳ್ಳಬಹುದು ನೋಡಿ! ಅದಕ್ಕೇ ಬಹಳ ಕಾಲ ಹೆಚ್ಚಿನವರು ಪರೀಕ್ಷೆ ಮಾಡಿ ನೋಡಲು ಹೋಗಲಿಲ್ಲ.

ಈ ಲೆಕ್ಕದಲ್ಲಿ ಬಿಟ್ಟುಹೋದದ್ದು ಕರುಳು.

ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತಿರುತ್ತದೆ. ಆ ಜೀವಕೋಶಗಳು ತಮ್ಮ ಪಾಲಿನ ಊಟವನ್ನು ಮುಖ್ಯವಾಗಿ ತಮ್ಮ ಮುಂದೆ ಹಾದುಹೋಗುವ ಆಹಾರದಿಂದಲೇ ನೇರವಾಗಿ ತೆಗೆದುಕೊಳ್ಳುತ್ತವೆ. ಕರುಳು ಖಾಲಿ ಇದ್ದರೆ ಅವು ಸೊರಗುತ್ತವೆ. ಪದರ ತೆಳುವಾಗುತ್ತದೆ. ಒಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ, ಗೊತ್ತಲ್ಲ? ಅವು ಬೇಲಿ ಹಾರಿ ರಕ್ತಕ್ಕೆ ಬರುತ್ತವೆ. ಪಕ್ಕದಲ್ಲೇ ಪ್ಯಾಂಕ್ರಿಯಾಸಿನ ಸತ್ತ ಭಾಗ ಬಿದ್ದಿರುತ್ತದೆ. ಅಲ್ಲಿ ಹೋಗಿ ಮನೆ ಮಾಡುತ್ತವೆ. ಎರಡನೇ ಮೂರನೇ ವಾರದಲ್ಲಿ ರೋಗಿಗಳನ್ನು ಕೊಲ್ಲುವುದು ಹೆಚ್ಚಾಗಿ ಈ ಸೋಂಕೇ. ಅಂದರೆ ಪ್ಯಾಂಕ್ರಿಯಾಸಿಗೆ ವಿಶ್ರಾಂತಿ ಕೊಡಲು ಹೋಗಿ ನಾವು ಬೇಲಿಯನ್ನೇ ಕಿತ್ತುಹಾಕುತ್ತಿದ್ದೆವು. ಇನ್ನೊಂದು ವಿಷಯ: ಜೋರಾಗಿ ಬಾತ ಪ್ಯಾಂಕ್ರಿಯಾಸ್ ಮೊದಲೇ ರಸ ಸುರಿಸುವುದನ್ನು ತಗ್ಗಿಸಿರುತ್ತದೆ. ನಾವು ಹೊಸದಾಗಿ ಕೊಡುವ ವಿಶ್ರಾಂತಿ ಅಂತ ಅಷ್ಟೇನೂ ಉಳಿದಿರುವುದಿಲ್ಲ.

ರಕ್ತನಾಳದಿಂದ ಪೂರ್ತಿ ಆಹಾರ ಕೊಡುವ ವಿದ್ಯೆ ಬಂದದ್ದು 1960ರ ದಶಕದ ಕೊನೆಯಲ್ಲಿ. ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡುಡ್ರಿಕ್ ಎಂಬ ಸರ್ಜನ್ ಬೀಗಲ್ ಜಾತಿಯ ನಾಯಿಮರಿಗಳನ್ನು ರಕ್ತನಾಳದ ಆಹಾರದಿಂದಲೇ ಬೆಳೆಸಿ ತೋರಿಸಿದರು. ದೊಡ್ಡ ಸಾಧನೆ. ಕರುಳೇ ಇಲ್ಲದ ಮಕ್ಕಳು ಅದರಿಂದ ಬದುಕಿದ್ದಾರೆ. ಆದರೆ ಸಿಕ್ಕಿತಲ್ಲ ಅಂತ ಪ್ಯಾಂಕ್ರಿಯಾಟೈಟಿಸ್ ಬಂದವರಿಗೂ ಹಾಕತೊಡಗಿದರು. 1997ರಲ್ಲಿ ಗ್ರೀಸಿನ ವೈದ್ಯರು ಕಾಯಿಲೆ ಜೋರಾಗಿದ್ದ 38 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಅರ್ಧ ಜನಕ್ಕೆ ರಕ್ತನಾಳದಿಂದ, ಅರ್ಧ ಜನಕ್ಕೆ ಮೂಗಿನ ಟ್ಯೂಬಿನಿಂದ ಕರುಳಿಗೆ. ಟ್ಯೂಬಿನವರಿಗೆ ಸೋಂಕು ಕಡಿಮೆ. ರಕ್ತನಾಳದ ಆಹಾರಕ್ಕೆ ಖರ್ಚು ಮೂರು ಪಟ್ಟು. ಆಮೇಲೆ ಅದೇ ತರಹದ ಪ್ರಯೋಗಗಳು ಬೇರೆ ಕಡೆಯೂ ನಡೆದವು. ಎಲ್ಲವನ್ನೂ ಕೂಡಿಸಿ ನೋಡಿದಾಗ ಕರುಳಿನಿಂದ ಉಂಡವರಲ್ಲಿ ಸಾವೂ ಕಡಿಮೆ ಇತ್ತು. ಗಮನಿಸಿ, ನಮ್ಮ ರೈಟರಿಗೆ ನಾನು ಆ ಸಾಲು ಬರೆದದ್ದು ಇದಾದ ಮೇಲೆ. ಪುಸ್ತಕದಲ್ಲಿ ಬದಲಾದದ್ದು ವಾರ್ಡಿಗೆ ಬರಲು ಬಹಳ ಕಾಲ ಬೇಕು.

ಈಗ ಏನು ಮಾಡ್ತೀವಿ?

ಈ ಕಾಯಿಲೆ ಬಂದ ಹತ್ತು ಜನರಲ್ಲಿ ಸುಮಾರು ಎಂಟು ಜನರಿಗೆ ಅದು ಹಗುರಾಗಿಯೇ ಇರುತ್ತದೆ. ಅವರಿಗೆ ವಾಂತಿ ನಿಂತು, ನೋವು ತಡೆಯುವ ಮಟ್ಟಕ್ಕೆ ಬಂದು, ತಿನ್ನಬೇಕು ಅನಿಸಿದ ಕೂಡಲೇ ಊಟ. ಸಾಧ್ಯವಾದರೆ ಮೊದಲ 24 ಗಂಟೆಯೊಳಗೇ. ಲೈಪೇಸ್ ಎಷ್ಟಿದೆ ಅಂತ ಕಾಯುವುದಿಲ್ಲ. ಕಾಯಿಲೆ ಗುರುತಿಸಲು ಆ ಪರೀಕ್ಷೆ ಬೇಕು, ಊಟದ ಗಂಟೆ ಬಾರಿಸಲು ಬೇಡ. ಹಸಿವಿನಷ್ಟು ಚೆನ್ನಾಗಿ ಯಾವ ಲ್ಯಾಬೂ ಹೇಳುವುದಿಲ್ಲ.

ಮೊದಲ ಊಟ ಏನು? ಹಿಂದೆ ಮೆಟ್ಟಿಲು ಹತ್ತಿದ ಹಾಗೆ ಮಾಡುತ್ತಿದ್ದೆವು. ಒಂದು ದಿನ ನೀರು, ಒಂದು ದಿನ ತಿಳಿ ಬಾರ್ಲಿ, ಒಂದು ದಿನ ಗಂಜಿ, ಆಮೇಲೆ ಅನ್ನ. ಹೈದರಾಬಾದಿನ ಒಂದು ಹೊಟ್ಟೆ ಕಾಯಿಲೆಗಳ ಆಸ್ಪತ್ರೆಯಲ್ಲಿ 101 ಜನರ ಮೇಲೆ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಮೊದಲ ಊಟವೇ ಮೆತ್ತನೆಯ ಊಟ ಆದವರು ಬರೀ ತಿಳಿ ಕುಡಿದವರಿಗಿಂತ ಎರಡು ಮೂರು ದಿನ ಮೊದಲೇ ಮನೆಗೆ ಹೋದರು. ನೋವು ಮರುಕಳಿಸಿದ್ದೇನೂ ಜಾಸ್ತಿ ಆಗಲಿಲ್ಲ. ನಮ್ಮ ಕಡೆಯ ಊಟಕ್ಕೆ ಹತ್ತಿರದ ಊಟದಲ್ಲೇ ನಡೆದದ್ದು ಅಂತ ನನಗೆ ಇದರ ಮೇಲೆ ಸ್ವಲ್ಪ ಪ್ರೀತಿ.

ಹಾಗಾಗಿ ನನ್ನ ತಟ್ಟೆ ಹೀಗಿರುತ್ತದೆ: ಬಿಸಿ ಇಡ್ಲಿ ಎರಡು, ಒಗ್ಗರಣೆ ಇಲ್ಲದ ತೊಗರಿಬೇಳೆ ತಿಳಿಸಾರು. ಇಡ್ಲಿ ಸಾರಿನಲ್ಲಿ ನೆನೆಯಬೇಕು, ಚಮಚದಲ್ಲಿ ಒತ್ತಿದರೆ ಕುಸಿಯಬೇಕು. ಕಾಯಿಚಟ್ನಿ ಸದ್ಯಕ್ಕೆ ಬೇಡ, ಅದರಲ್ಲಿ ಎಣ್ಣೆಯಂಶ ಜಾಸ್ತಿ. ಮೊದಲ ಸಲ ಅರ್ಧ ಇಡ್ಲಿ ತಿಂದು ಇಟ್ಟರೂ ಸರಿ. ಎರಡು ಗಂಟೆ ಬಿಟ್ಟು ಇನ್ನರ್ಧ. ತಿಂದ ಮೇಲೆ ನೋವು ಜೋರಾದರೆ, ವಾಂತಿಯಾದರೆ ನಿಲ್ಲಿಸಿ ಸಿಸ್ಟರಿಗೆ ಹೇಳುವುದು. ಐದರಲ್ಲಿ ಒಬ್ಬರಿಗೋ ಏನೋ ಹಾಗಾಗುತ್ತದೆ, ಗಾಬರಿ ಬೇಡ.

'ಗ್ಲೂಕೋಸ್ ಹಾಕಿದ್ದಾರಲ್ಲ ಮೇಡಂ, ಶಕ್ತಿ ಬರುತ್ತೆ ಬಿಡಿ' ಅಂತ ರೋಗಿಯ ಕಡೆಯವರು ನನಗೇ ಸಮಾಧಾನ ಹೇಳ್ತಾರೆ. ಲೆಕ್ಕ ಮಾಡೋಣ. ಅರ್ಧ ಲೀಟರಿನ ಮಾಮೂಲಿ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ನಿಮ್ಮ ಮನೆಯ ಟೀ ಚಮಚದಲ್ಲಿ ಐದಾರು ಚಮಚ. ಅದರಿಂದ ಸಿಗುವ ಶಕ್ತಿ ಹೆಚ್ಚೆಂದರೆ 100 ಕ್ಯಾಲೊರಿ, ಎರಡು ಇಡ್ಲಿಯಷ್ಟು. ಬರೀ ಸಲೈನ್ ಆದರೆ ಅದೂ ಇಲ್ಲ, ಸೊನ್ನೆ. ಅರವತ್ತು ಕಿಲೋದ ರೋಗಿಗೆ ದಿನಕ್ಕೆ 1500 ಕ್ಯಾಲೊರಿಯಾದರೂ ಬೇಕು, ಪ್ರೋಟೀನು 70 ಗ್ರಾಂ ದಾಟಬೇಕು. ಬಾಟಲಿಯಲ್ಲಿ ಪ್ರೋಟೀನು ಒಂದು ಚಿಟಿಕೆಯೂ ಇಲ್ಲ. ಬಾಟಲಿ ಹಾಕುವುದು ಬೇರೆ ಕಾರಣಕ್ಕೆ: ಈ ಕಾಯಿಲೆಯಲ್ಲಿ ರಕ್ತನಾಳದಿಂದ ನೀರು ಸೋರಿ ಮೈಯೆಲ್ಲ ಒಣಗುತ್ತದೆ. ಅದಕ್ಕೂ ಮಿತಿ ಇದೆ. ಸಿಕ್ಕಾಪಟ್ಟೆ ಸುರಿದರೆ ಮೈಯಲ್ಲಿ ನೀರು ತುಂಬಿ ಉಸಿರಾಟಕ್ಕೇ ತೊಂದರೆ ಅಂತ 2022ರಲ್ಲಿ ಬಂದ ಒಂದು ದೊಡ್ಡ ಪ್ರಯೋಗ ತೋರಿಸಿತು.

ಇನ್ನು ಆ ಹತ್ತು ಜನರಲ್ಲಿ ಉಳಿದ ಇಬ್ಬರ ವಿಷಯ. ಕಾಯಿಲೆ ಜೋರಾಗಿ, ಐಸಿಯು ಸೇರಿ, ಬಾಯಿಂದ ತಿನ್ನಲಾಗದವರು. ಇವರಿಗೆ ಮೂಗಿನಿಂದ ಟ್ಯೂಬು. ನಮ್ಮಲ್ಲಿ ಎಲ್ಲರೂ ರೈಲ್ಸ್ ಟ್ಯೂಬ್ ಅನ್ನುವುದು ಇದಕ್ಕೇ. ರೈಲಿಗೂ ಇದಕ್ಕೂ ಸಂಬಂಧ ಇಲ್ಲ, ಜಾನ್ ರೈಲ್ ಅನ್ನುವ ಇಂಗ್ಲೆಂಡಿನ ಡಾಕ್ಟರ ಹೆಸರು. ಟ್ಯೂಬು ಕಂಡರೆ ಮನೆಯವರು ಅಳಲು ಶುರು ಮಾಡುತ್ತಾರೆ, 'ಕೈಮೀರಿತು' ಅಂತ. ನಾನು ಅವರಿಗೆ ಹೇಳುವುದು, ಇದು ಊಟದ ಇನ್ನೊಂದು ದಾರಿ ಅಷ್ಟೆ.

ಮೊದಮೊದಲು ಟ್ಯೂಬು ಹೊಟ್ಟೆಯನ್ನೂ ದಾಟಿ ಸಣ್ಣ ಕರುಳಿನೊಳಗೆ ಹೋಗಲೇಬೇಕು ಅನ್ನುತ್ತಿದ್ದರು. ಅದಕ್ಕೆ ಎಂಡೋಸ್ಕೋಪಿ ಬೇಕು, ಅದು ಸಿಗುವವರೆಗೆ ರೋಗಿ ಉಪವಾಸ. ಗ್ಲಾಸ್ಗೋದವರು 2005ರಲ್ಲಿ, ದೆಹಲಿಯ ಏಮ್ಸ್‌ನವರು 2006ರಲ್ಲಿ, ಹೊಟ್ಟೆಗೆ ಬಿಟ್ಟರೂ ಸಾಕು ಅಂತ ತೋರಿಸಿದರು. ಹೊಟ್ಟೆಯ ಟ್ಯೂಬನ್ನು ಸಿಸ್ಟರೇ ಮಂಚದ ಪಕ್ಕ ನಿಂತು ಹಾಕುತ್ತಾರೆ. ತಾಲೂಕು ಆಸ್ಪತ್ರೆಯಲ್ಲೂ ಆಗುವ ಕೆಲಸ. ಹೊಟ್ಟೆ ಮುಂದಕ್ಕೆ ತಳ್ಳದೆ ವಾಂತಿಯಾಗುತ್ತಲೇ ಇದ್ದರೆ ಮಾತ್ರ ಕರುಳಿನ ಟ್ಯೂಬು. ಹಾಗಂತ ಎಲ್ಲರಿಗೂ ಮೊದಲ ದಿನವೇ ಟ್ಯೂಬು ತುರುಕಬೇಕು ಅಂತಲೂ ಇಲ್ಲ. ನೆದರ್‌ಲ್ಯಾಂಡ್ಸಿನಲ್ಲಿ 208 ಜನರನ್ನು ನೋಡಿದರು, 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ಒಂದೇ ದಿನದೊಳಗೆ ಟ್ಯೂಬು. ಉಳಿದವರಿಗೆ ಮೂರನೇ ದಿನ ಬಾಯಿಂದ ಊಟ, ಆಗದಿದ್ದರೆ ಟ್ಯೂಬು. ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡನೇ ಗುಂಪಿನ ಮೂರರಲ್ಲಿ ಇಬ್ಬರಿಗೆ ಟ್ಯೂಬೇ ಬೇಕಾಗಲಿಲ್ಲ.

ಟ್ಯೂಬಿನ ಜೊತೆ ಬದುಕುವುದನ್ನು ಹೇಳಿಬಿಡ್ತೀನಿ, ಮನೆಯವರಿಗೆ ಉಪಯೋಗಕ್ಕೆ ಬರುತ್ತೆ. ಫೀಡ್ ಹೋಗುವಾಗ ಮಂಚದ ತಲೆ ಎತ್ತಿರಬೇಕು, ಒರಗು ಕುರ್ಚಿಯ ಹಾಗೆ. ಚಪ್ಪಟೆ ಮಲಗಿಸಿದರೆ ಆಹಾರ ಶ್ವಾಸಕೋಶಕ್ಕೆ ಹೋಗಬಹುದು. ಪ್ರತಿ ಸಲ ಮುಗಿದ ಮೇಲೆ ನೀರು ಬಿಟ್ಟು ತೊಳೆಯಬೇಕು. ಕರುಳಿನ ಟ್ಯೂಬು ಸಣ್ಣದು, ಅದರಲ್ಲಿ ಸಿರಿಂಜಿನಿಂದ ಒಮ್ಮೆಲೇ ತಳ್ಳುವ ಹಾಗಿಲ್ಲ. ಹೊಟ್ಟೆಯ ಹಾಗೆ ಹಿಡಿದಿಟ್ಟುಕೊಳ್ಳುವ ಚೀಲ ಕರುಳಿಗಿಲ್ಲ. ಪಂಪಿನಲ್ಲಿ ಗಂಟೆಗೆ 20 ಮಿಲಿಯಿಂದ ಶುರು, ಮೆಲ್ಲಗೆ ಏರಿಸುವುದು. ಒಮ್ಮೆ ಒಬ್ಬರ ಅತ್ತೆ, ಅಳಿಯ ಸೊರಗಿದ್ದಾನೆ ಅಂತ ಮನೆಯಿಂದ ರಾಗಿ ಗಂಜಿ ತಂದು ಯಾರಿಗೂ ಹೇಳದೆ ಆ ಟ್ಯೂಬಿಗೆ ಬಿಟ್ಟರು. ಗಂಜಿ ಅರ್ಧ ದಾರಿಯಲ್ಲಿ ಗಟ್ಟಿಯಾಯಿತು. ಬಿಸಿನೀರು ಬಿಟ್ಟೆವು, ಸಿರಿಂಜಿನಲ್ಲಿ ಎಳೆದೆವು, ಏನೂ ಆಗಲಿಲ್ಲ. ಮಾರನೇ ದಿನ ಮತ್ತೆ ಎಂಡೋಸ್ಕೋಪಿ ಮಾಡಿ ಹೊಸ ಟ್ಯೂಬು. ಆ ತಾಯಿಯ ಮುಖ ನೋಡಿ ಬೈಯಲು ಮನಸ್ಸು ಬರಲಿಲ್ಲ. ಗಂಜಿ ಪೌಷ್ಟಿಕ ಅನ್ನುವುದೂ ಪೂರ್ತಿ ಸರಿಯಲ್ಲ, ತೆಳು ಗಂಜಿ ಒಂದು ಲೋಟದಲ್ಲಿ ಪ್ರೋಟೀನು ಒಂದೆರಡು ಗ್ರಾಂ ಇದ್ದರೆ ದೊಡ್ಡದು.

ರಕ್ತನಾಳದ ಆಹಾರ ಈಗ ಬೇಡವೇ ಬೇಡವಾ? ಬೇಕಾಗುತ್ತದೆ. ಕರುಳು ಪೂರ್ತಿ ನಿಂತುಹೋಗಿದ್ದರೆ, ಹೊಟ್ಟೆಯೊಳಗಿನ ಒತ್ತಡ ವಿಪರೀತ ಏರಿದ್ದರೆ, ಟ್ಯೂಬಿನಿಂದ ಎಷ್ಟು ಪ್ರಯತ್ನಿಸಿದರೂ ಸಾಲದಿದ್ದರೆ. ಆಗ ಅದು ಜೀವ ಉಳಿಸುತ್ತದೆ.

ಒಂದು ಎಚ್ಚರಿಕೆ, ಕುಡಿತದಿಂದ ಬಂದವರ ಬಗ್ಗೆ. ಅವರಲ್ಲಿ ಎಷ್ಟೋ ಜನ ತಿಂಗಳುಗಟ್ಟಲೆ ಸರಿಯಾಗಿ ಉಂಡಿರುವುದಿಲ್ಲ. ಒಮ್ಮೆಲೇ ಪೂರ್ತಿ ಊಟ ಹೋದರೆ ಇನ್ಸುಲಿನ್ ಏರಿ, ರಕ್ತದ ರಂಜಕ, ಪೊಟ್ಯಾಶಿಯಂ, ಮೆಗ್ನೀಶಿಯಂ ಎಲ್ಲ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಕುಸಿದು ಹೃದಯದ ಬಡಿತವೇ ತಪ್ಪಬಹುದು. ಅದಕ್ಕೆ ಮೊದಲು ಬಿ1 ವಿಟಮಿನ್ ಚುಚ್ಚುಮದ್ದು, ಆಮೇಲೆ ಸ್ವಲ್ಪ ಸ್ವಲ್ಪ ಊಟ, ದಿನಾ ರಕ್ತ ಪರೀಕ್ಷೆ. 'ನಮ್ಮ ಯಜಮಾನ್ರಿಗೆ ಯಾಕೆ ಇಷ್ಟೇ ಕೊಡ್ತೀರಾ?' ಅಂತ ಜಗಳ ಮಾಡುವವರು ದಯವಿಟ್ಟು ಇದನ್ನು ನೆನಪಿಡಿ.

ಇಷ್ಟು ನನ್ನ ಮಾತು. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಹುಡುಗ ಕೇಳಿದ, 'ಕರುಳಿನ ಬ್ಯಾಕ್ಟೀರಿಯಾದಿಂದ ತೊಂದರೆ ಅಂದ್ರಿ. ಒಳ್ಳೆ ಬ್ಯಾಕ್ಟೀರಿಯಾ ಇರುವ ಪ್ರೋಬಯೋಟಿಕ್ ಪುಡಿ ಕೊಟ್ಟರೆ?' ಜಾಣ ಪ್ರಶ್ನೆ. ನೆದರ್‌ಲ್ಯಾಂಡ್ಸಿನವರು ಅದನ್ನೂ ಮಾಡಿ ನೋಡಿದ್ದಾರೆ, 2008ರಲ್ಲಿ ಪ್ರಕಟಿಸಿದರು. ಕಾಯಿಲೆ ಜೋರಾಗುವ ಲಕ್ಷಣ ಇದ್ದ ಸುಮಾರು 300 ಜನ. ಸೋಂಕು ಕಡಿಮೆ ಆಗಲಿಲ್ಲ. ಪುಡಿ ತಗೊಂಡವರಲ್ಲಿ 16 ಶೇಕಡಾ ಜನ ತೀರಿಕೊಂಡರು, ತಗೊಳ್ಳದವರಲ್ಲಿ 6. ಪುಡಿ ತಗೊಂಡ ಕೆಲವರಿಗೆ ಕರುಳಿಗೆ ರಕ್ತ ಹೋಗುವುದೇ ನಿಂತಿತ್ತು. ವಿಶ್ರಾಂತಿಯ ಲೆಕ್ಕದ ಹಾಗೆ ಇದೂ ಕೇಳಲು ಚೆನ್ನಾಗಿಯೇ ಇತ್ತು.

'ಎಳನೀರು?' ಅಂತ ಹಿಂದಿನಿಂದ ಒಬ್ಬರು. ಹಗುರಾದ ಕಾಯಿಲೆಗೆ ತೊಂದರೆ ಇಲ್ಲ, ಆದರೆ ಮೂತ್ರಪಿಂಡ ಸೋತಿದ್ದರೆ ಬೇಡ, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಡಾಕ್ಟರನ್ನು ಕೇಳಿ ಕೊಡಿ. 'ತುಪ್ಪ ಜನ್ಮದಲ್ಲಿ ತಿನ್ನಬಾರದಾ?' ಅಂತ ಇನ್ನೊಬ್ಬರು. ಕಲ್ಲಿನಿಂದ ಬಂದದ್ದಾದರೆ ಪಿತ್ತಕೋಶ ತೆಗೆಸಿಕೊಳ್ಳಿ, ಹಗುರಾದ ಕಾಯಿಲೆಯಾದರೆ ಅದೇ ಅಡ್ಮಿಷನ್ನಿನಲ್ಲಿ. ಮುಂದೂಡಿದವರು ಮತ್ತೆ ಬರುತ್ತಾರೆ. ಆಮೇಲೆ ಅನ್ನಕ್ಕೆ ಒಂದು ಚಮಚ ತುಪ್ಪ ನನ್ನ ತಕರಾರಿಲ್ಲ. ಆದರೆ ಕೆಲವರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಸಾವಿರ ದಾಟಿ ಅದರಿಂದಲೇ ಈ ಕಾಯಿಲೆ ಬರುತ್ತದೆ. ಅವರ ರಕ್ತವನ್ನು ಟ್ಯೂಬಿನಲ್ಲಿ ತುಸು ಹೊತ್ತು ನಿಲ್ಲಿಸಿದರೆ ಮೇಲೆ ಹಾಲಿನ ಹಾಗೆ ಬೆಳ್ಳಗೆ ಕಾಣುತ್ತದೆ. ಅವರಿಗೆ ತುಪ್ಪದ ಲೆಕ್ಕ ಬೇರೆ.

ಕೊನೆಗೆ ಒಬ್ಬ ಹೆಂಗಸು ಎದ್ದು ನಿಂತರು. ಗಂಡನಿಗೆ ಆರು ತಿಂಗಳ ಹಿಂದೆ ಜೋರಾಗಿ ಬಂದು ಹೋಗಿತ್ತಂತೆ. ಈಗ ಊಟ ಮಾಡ್ತಾರೆ, ಆದರೆ ಮೈ ಹತ್ತುತ್ತಿಲ್ಲ. ಸ್ವಲ್ಪ ತಡೆದು, ದನಿ ತಗ್ಗಿಸಿ, 'ಕಕ್ಕಸಿನಲ್ಲಿ ಎಣ್ಣೆ ತೇಲುತ್ತೆ ಮೇಡಂ' ಅಂದರು. ಪ್ಯಾಂಕ್ರಿಯಾಸ್ ಸೋತು ಕೊಬ್ಬು ಅರಗುತ್ತಿಲ್ಲ ಅಂತ ಅದರ ಅರ್ಥ. ಡಾಕ್ಟರು ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರೆ, ಅದರಿಂದ ಗುಣ ಕಾಣುತ್ತಿಲ್ಲ ಅಂದರು. ಯಾವಾಗ ಕೊಡ್ತೀರಿ ಅಂತ ಕೇಳಿದೆ. 'ಬೆಳಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೇಲಿ. ಥೈರಾಯ್ಡ್ ಮಾತ್ರೆ ಕೊಡ್ತೀವಲ್ಲ, ಹಾಗೆ.'

ಆ ಕ್ಯಾಪ್ಸೂಲಿನಲ್ಲಿ ಇರುವುದು ಜೀರ್ಣರಸವೇ. ಅದಕ್ಕೆ ಅರಗಿಸಲು ಊಟ ಬೇಕು. ಮೊದಲ ತುತ್ತಿನ ಜೊತೆ ಒಂದು, ಇನ್ನೊಂದು ಇದ್ದರೆ ಊಟದ ಮಧ್ಯೆ. ಇನ್ನೊಂದು ಮಾತನ್ನೂ ಹೇಳಬೇಕಾಯಿತು, ಯಾಕೆಂದರೆ ಆಮೇಲೆ ಗೊತ್ತಾಗಿ ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ: ಆ ಔಷಧಿಯನ್ನು ಸಾಮಾನ್ಯವಾಗಿ ಹಂದಿಯ ಪ್ಯಾಂಕ್ರಿಯಾಸಿನಿಂದ ಮಾಡುತ್ತಾರೆ. ಮನೆಯಲ್ಲಿ ಅದಕ್ಕೆ ತೊಡಕಿದ್ದರೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಮಾತಾಡಿ, ಸುಮ್ನೆ ನಿಲ್ಲಿಸಬೇಡಿ.

ಅವರು ಒಂದು ಕ್ಷಣ ಯೋಚಿಸಿದರು. 'ಅವರಿಗೆ ಹೇಳ್ತೀನಿ' ಅಂದರು. ಆಮೇಲೆ, 'ಮಧ್ಯಾಹ್ನದ ಊಟಕ್ಕೇ ಕೊಟ್ಟು ನೋಡ್ತೀನಿ, ಇನ್ನೂ ಹನ್ನೆರಡೂವರೆ ಅಲ್ವಾ?' ಅಂತ ಚೀಲ ಎತ್ತಿಕೊಂಡು ಹೊರಟರು.